ಗೇಜಿನ ಮುಳ್ಳೂ ಮೆಣಸಿನಕಾಯಿಯ ಕೆಂಪೂ

ಬ್ಯಾಡಗಿಯ ಮೆಣಸಿನಕಾಯಿ ಲೋಕದಲ್ಲಿ ಹೆಸರು ಪಡೆದಿರುವುದು ಖಾರದಿಂದಲ್ಲ, ಬಣ್ಣದಿಂದ. ಮೈಯೆಲ್ಲ ಸುಕ್ಕುಗಟ್ಟಿ, ಕಡುಗೆಂಪಾಗಿ, ನಾಲಗೆಯನ್ನು ಸುಡುವುದಕ್ಕಿಂತ ಸಾರಿಗೆ ರಂಗೇರಿಸುವುದರಲ್ಲಿಯೇ ತನ್ನ ಸಾರ್ಥಕ್ಯವನ್ನು ಕಂಡುಕೊಂಡಂತಿರುವ, ಡಬ್ಬಿ ಮತ್ತು ಕಡ್ಡಿ ಎಂಬೆರಡು ಬಗೆಯ ಈ ಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತುದೂ, ಓಲಿಯೊರೆಸಿನ್ ಎಂಬ ಬಣ್ಣದ ಸಾರವನ್ನು ತೆಗೆಯುವ ಕಾರ್ಖಾನೆಗಳವರು ದೂರದಿಂದ ಬಂದು ಇದನ್ನು ಕೊಳ್ಳುವುದೂ ಆ ಕೆಂಪಿನ ನಿಮಿತ್ತವಾಗಿಯೇ. ಆದರೆ ಈ ಕೆಂಪು ಶಾಶ್ವತವಾದ ಸಂಪತ್ತಲ್ಲ. ಕಾಯಿಯ ತೊಗಲಿನಲ್ಲಿ ನೆಲೆಸಿರುವ ಕ್ಯಾಪ್ಸಾಂಥಿನ್ ಮೊದಲಾದ ವರ್ಣದ್ರವ್ಯಗಳು ಗಾಳಿಯ ಆಮ್ಲಜನಕದೊಡನೆ ಕೂಡಿ ಮೆಲ್ಲಮೆಲ್ಲನೆ ಕ್ಷಯಿಸುತ್ತವೆ. ಶಾಖವೂ ಬೆಳಕೂ ಆ ಕ್ಷಯಕ್ಕೆ ವೇಗವನ್ನು ಕೊಡುತ್ತವೆ. ಮಾಗಿಯಲ್ಲಿ ಕಣ್ಣು ಕೋರೈಸುವಂತಿದ್ದ ಕಾಯಿ ಬೇಸಗೆಯ ತಗಡಿನ ಗೋದಾಮಿನಲ್ಲಿ ಬಿದ್ದಿದ್ದು ಮಳೆಗಾಲಕ್ಕೆ ಹೊರಬರುವಾಗ ಮಂಕಾಗಿರುತ್ತದೆ. ಅದರೊಡನೆ ಅದರ ದರವೂ ಮಂಕಾಗಿರುತ್ತದೆ.

ಆದಕಾರಣ ಬ್ಯಾಡಗಿಯ ಸುತ್ತಮುತ್ತ ಕೋಲ್ಡ್ ಸ್ಟೋರೇಜುಗಳು ಎದ್ದವು. ಸುಗ್ಗಿಯ ತಿಂಗಳುಗಳಲ್ಲಿ, ಸೋಮವಾರ ಗುರುವಾರಗಳ ಸಂತೆಯಂದು ಪ್ರಾಂಗಣದಲ್ಲಿ ಕಾಲಿಡಲು ತಾವಿಲ್ಲದಂತೆ ಚೀಲಗಳು ಬಂದು ಬಿದ್ದಾಗ, ಅಂದಿನ ದರಕ್ಕೆ ಮಾರಲು ಮನಸ್ಸೊಪ್ಪದ ರೈತನೂ, ಮುಂದಿನ ದರವನ್ನು ನಂಬಿ ಕೊಂಡಿಟ್ಟ ವರ್ತಕನೂ ತಮ್ಮ ಮಾಲನ್ನು ಒಯ್ದು ಇಡುವುದು ಈ ಶೀತಲ ಗೃಹಗಳಲ್ಲಿ. ಇಲ್ಲಿಗೆ ಬರುವ ಮಾಲಿನಲ್ಲಿ ಈಗ ಬಳ್ಳಾರಿ, ರಾಯಚೂರು ಸೀಮೆಯದೂ ಆಂಧ್ರದ್ದೂ ಹೆಚ್ಚು. ಹಾವೇರಿ ಜಿಲ್ಲೆಯ ಹೊಲಗಳನ್ನು ಬಹುಮಟ್ಟಿಗೆ ಗೋವಿನಜೋಳವೇ ಆಕ್ರಮಿಸಿಕೊಂಡಿದೆ. ಆದರೂ ವರದೆಯ ದಂಡೆಯ ಹೊಸರಿತ್ತಿಯಂತಹ ಊರುಗಳಲ್ಲಿ ಬ್ಯಾಡಗಿಯ ಇಂದಿನ ದರವೇನೆಂದು ವಿಚಾರಿಸುವ ಮನೆಗಳು ಇನ್ನೂ ಇಲ್ಲದಿಲ್ಲ. ಹಾಗೆ ವಿಚಾರಿಸುವವರು, ಚೀಲವನ್ನು ಕೋಣೆಯೊಳಕ್ಕೆ ಸಾಗಿಸಿ ರಸೀತಿಯನ್ನು ಕಿಸೆಯಲ್ಲಿಟ್ಟುಕೊಂಡು ಹೊರಟುಬಂದ ಬಳಿಕ, ಆ ಕಾಯಿಯ ಕೆಂಪು ಯಾವ ಯಂತ್ರದ ವಶದಲ್ಲಿದೆ, ಆ ಯಂತ್ರಕ್ಕೆ ತೊಂದರೆ ಬಂದಾಗ ಅದನ್ನು ಕಂಡುಹಿಡಿಯುವ ಬಗೆ ಯಾವುದು ಎಂಬುದನ್ನು ಆಲೋಚಿಸುವುದು ಅಪೂರ್ವ. ಈ ಲೇಖನ ಅವರಿಗಾಗಿ.

ಯಂತ್ರದ ಕೋಣೆಗೆ ಹೋದವರಿಗೆ ಮೊದಲು ಕಾಣುವುದು ಗೋಡೆಯ ಮೇಲೆ ಜೋಡಿಯಾಗಿ ಕುಳಿತ ಎರಡು ಗೇಜುಗಳು. ಒಂದು ಕಂಪ್ರೆಸರಿನೊಳಕ್ಕೆ ಬರುವ ಗ್ಯಾಸಿನ ಒತ್ತಡವನ್ನು, ಎಂದರೆ ಸಕ್ಷನ್ನನ್ನು, ತೋರಿಸತಕ್ಕದ್ದು; ಇನ್ನೊಂದು ಅದರಿಂದ ಹೊರಬೀಳುವ ಗ್ಯಾಸಿನ ಒತ್ತಡವನ್ನು, ಎಂದರೆ ಹೆಡ್ ಪ್ರೆಶರನ್ನು. ಮನೆಯ ಎ.ಸಿ. ನೋಡಲು ಬರುವ ಮೆಕ್ಯಾನಿಕನ ಚೀಲದಲ್ಲಿಯೂ ಇದೇ ಜೋಡಿ ಇರುತ್ತದೆ, ನೀಲಿಯದೊಂದು, ಕೆಂಪಿನದೊಂದು. ಕೋಣೆ ತಣ್ಣಗಾಗುತ್ತಿಲ್ಲವೆಂದು ದೂರು ಬಂದಾಗ ರಾಣೆಬೆನ್ನೂರಿನಿಂದಲೋ ಹಾವೇರಿಯಿಂದಲೋ ಬಂದ ಮೆಕ್ಯಾನಿಕನು ನೀಲಿ ಗೇಜಿನ ಮುಳ್ಳು ಎಂದಿಗಿಂತ ಕೆಳಗಿರುವುದನ್ನು ಕಂಡು, ಹತ್ತರಲ್ಲಿ ಎಂಟು ಸಲ ಆಡುವ ಮಾತು ಒಂದೇ: "ಸಾವಕಾರ್ರ, ಗ್ಯಾಸ್ ಕಮ್ಮಿ ಆಗೇತ್ರಿ, ತುಂಬಬೇಕು." ಈ ಮಾತು ಕೆಲವೊಮ್ಮೆ ಸತ್ಯ. ಅನೇಕ ಸಲ ಅಲ್ಲ. ಅಲ್ಲದಿರುವಾಗಲೂ ಅದನ್ನು ನಂಬಿ ಗ್ಯಾಸು ತುಂಬಿಸುವುದರಿಂದ ಆಗುವ ಕೇಡು, ಏನೂ ಮಾಡದೆ ಸುಮ್ಮನಿರುವುದರಿಂದ ಆಗುವ ಕೇಡಿಗಿಂತ ದೊಡ್ಡದು.

ಇದು ಹೇಗೆಂಬುದನ್ನು ತಿಳಿಯಬೇಕಾದರೆ ಕುದಿಯುವಿಕೆಯ ಧರ್ಮವನ್ನು ಕೊಂಚ ವಿಚಾರಿಸಬೇಕು. ನೀರು ನೂರು ಡಿಗ್ರಿಗೆ ಕುದಿಯುತ್ತದೆ ಎಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಆದರೆ ಸಮುದ್ರಮಟ್ಟದಿಂದ ಸುಮಾರು 570 ಮೀಟರು ಎತ್ತರದಲ್ಲಿರುವ ಹಾವೇರಿಯಲ್ಲಿ ಅದು ಕುದಿಯುವುದು 98ರ ಆಸುಪಾಸಿನಲ್ಲಿ. ಮೇಲೆ ಒತ್ತುವ ವಾಯುಭಾರ ಕಡಿಮೆಯಾದಷ್ಟೂ ಕುದಿಯುವ ಉಷ್ಣತೆ ಇಳಿಯುತ್ತದೆ, ಭಾರ ಹೆಚ್ಚಿದಷ್ಟೂ ಏರುತ್ತದೆ. ನೀರಿಗೆ ಸಲ್ಲುವ ಈ ನಿಯಮ ಎಲ್ಲ ದ್ರವಗಳಿಗೂ ಸಲ್ಲುತ್ತದೆ. ದೊಡ್ಡ ಶೀತಲ ಗೃಹಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಅಮೋನಿಯಾ ಬಯಲಿನ ಒತ್ತಡದಲ್ಲಿ ಸೊನ್ನೆಗಿಂತ 33 ಡಿಗ್ರಿ ಕೆಳಗೇ ಕುದಿದುಹೋಗುತ್ತದೆ. ಅದನ್ನು ಕೊಳವೆಯಲ್ಲಿ ಬಂಧಿಸಿ, ಗೇಜಿನಲ್ಲಿ ಚದರ ಅಂಗುಲಕ್ಕೆ ಸುಮಾರು 37 ಪೌಂಡು ಒತ್ತಡವಿರುವಂತೆ ಮಾಡಿದರೆ ಸೊನ್ನೆಗಿಂತ 5 ಡಿಗ್ರಿ ಕೆಳಗೆ ಕುದಿಯುತ್ತದೆ. 48 ಪೌಂಡಿಗೆ ಸರಿಯಾಗಿ ಸೊನ್ನೆಯಲ್ಲಿ. 181 ಪೌಂಡಿಗೆ 35 ಡಿಗ್ರಿಯಲ್ಲಿ. 211 ಪೌಂಡಿಗೆ 40 ಡಿಗ್ರಿಯಲ್ಲಿ. ದ್ರವವೂ ಆವಿಯೂ ಒಂದೆಡೆ ಕೂಡಿರುವವರೆಗೆ ಈ ಒತ್ತಡ ಮತ್ತು ಈ ಉಷ್ಣತೆಗಳ ನಂಟು ತಪ್ಪುವುದಿಲ್ಲ. ಮೆಕ್ಯಾನಿಕರು ಪಿ.ಟಿ. ಚಾರ್ಟು ಎಂದು ಕರೆದು ಕಿಸೆಯಲ್ಲಿಟ್ಟುಕೊಳ್ಳುವ ಚಿಕ್ಕ ಕೋಷ್ಟಕವು ಈ ನಂಟಿನ ದಾಖಲೆಯಲ್ಲದೆ ಬೇರೇನೂ ಅಲ್ಲ.

ಇದರಿಂದ ಫಲಿಸುವ ಮುಖ್ಯ ವಿಷಯವೊಂದಿದೆ. ನೆರಳಿನಲ್ಲಿ 30 ಡಿಗ್ರಿಯ ಹವೆಯಲ್ಲಿ ಇರಿಸಿದ ಅಮೋನಿಯಾದ ಸಿಲಿಂಡರಿಗೆ ಗೇಜನ್ನು ಜೋಡಿಸಿದರೆ ಮುಳ್ಳು 155 ಪೌಂಡಿನ ಹತ್ತಿರ ನಿಲ್ಲುತ್ತದೆ. ಸಿಲಿಂಡರು ತುಂಬಿದ್ದರೂ ಅಷ್ಟೇ, ಅರ್ಧವಿದ್ದರೂ ಅಷ್ಟೇ, ತಳದಲ್ಲಿ ಒಂದು ಬೊಗಸೆ ದ್ರವ ಉಳಿದಿದ್ದರೂ ಅಷ್ಟೇ. ಎಂದರೆ, ಒತ್ತಡವು ಪ್ರಮಾಣವನ್ನು ಹೇಳುವುದೇ ಇಲ್ಲ. ಅದು ಹೇಳುವುದು ಉಷ್ಣತೆಯನ್ನು ಮಾತ್ರ. ಗೇಜಿನ ಮುಳ್ಳನ್ನು ನೋಡಿದೊಡನೆ ಗ್ಯಾಸು ಎಷ್ಟಿದೆಯೆಂದು ಹೇಳುವವನು, ಅದು ಹೇಳದೆ ಇರುವ ಸಂಗತಿಯನ್ನು ಅದರ ಬಾಯಲ್ಲಿ ಹಾಕುತ್ತಿದ್ದಾನೆ.

ಇನ್ನು ಯಂತ್ರದ ಆವರ್ತ. ಕೋಣೆಯೊಳಗಿನ ಕೂಲಿಂಗ್ ಕಾಯಿಲಿನಲ್ಲಿ ಕಡಿಮೆ ಒತ್ತಡದ ದ್ರವವು ಕುದಿದು ಆವಿಯಾಗುತ್ತದೆ. ಕುದಿಯಲು ಬೇಕಾದ ಗುಪ್ತೋಷ್ಣವನ್ನು ಅದು ಕೋಣೆಯ ಗಾಳಿಯಿಂದ ಸೆಳೆದುಕೊಳ್ಳುವುದರಿಂದ ಗಾಳಿ ತಂಪಾಗುತ್ತದೆ. ಆ ಆವಿಯನ್ನು ಕಂಪ್ರೆಸರು ಹೀರಿ, ಅದುಮಿ, ಹೆಚ್ಚು ಒತ್ತಡಕ್ಕೆ ಏರಿಸಿ ಕಂಡೆನ್ಸರಿಗೆ ದೂಡುತ್ತದೆ. ಅಲ್ಲಿ ಹೊರಗಿನ ಗಾಳಿಯೋ ನೀರೋ ಅದರ ಶಾಖವನ್ನು ಒಯ್ಯಲಾಗಿ ಅದು ಮರಳಿ ದ್ರವವಾಗುತ್ತದೆ. ಆ ದ್ರವವು ಎಕ್ಸ್‌ಪಾನ್ಷನ್ ವಾಲ್ವಿನ ಕಿರಿದಾದ ಕಂಡಿಯಲ್ಲಿ ನುಸುಳಿ, ಒತ್ತಡವನ್ನು ಕಳೆದುಕೊಂಡು, ಮತ್ತೆ ಕಾಯಿಲಿಗೆ ಬರುತ್ತದೆ. ಅಮೋನಿಯಾದ ಗುಪ್ತೋಷ್ಣವು ಆರ್-22 ಎಂಬ ಗ್ಯಾಸಿನದಕ್ಕಿಂತ ಆರು ಪಟ್ಟು ಹೆಚ್ಚು. ಅದಕ್ಕಾಗಿಯೇ, ಕಣ್ಣು ಮೂಗುಗಳನ್ನು ಹಿಂಡುವ ಅದರ ವಿಷಗುಣವನ್ನು ಸಹಿಸಿಕೊಂಡು, 1870ರ ದಶಕದಲ್ಲಿ ಕಾರ್ಲ್ ಫಾನ್ ಲಿಂಡೆ ಅದನ್ನು ಯಂತ್ರಕ್ಕೆ ಅಳವಡಿಸಿದಂದಿನಿಂದ ಇಂದಿನವರೆಗೂ ದೊಡ್ಡ ಶೀತಲ ಗೃಹಗಳು ಅದನ್ನು ಬಿಟ್ಟಿಲ್ಲ.

ಈ ಆವರ್ತದಲ್ಲಿ ಎಕ್ಸ್‌ಪಾನ್ಷನ್ ವಾಲ್ವಿನ ಸ್ಥಾನವನ್ನು ವರದೆಗೆ ಅಡ್ಡಲಾಗಿ ಕಟ್ಟಿದ ಬಾಂದಾರದ ಹಲಗೆಗೆ ಹೋಲಿಸಬಹುದು: ಮೇಲ್ಗಡೆ ನೀರು ನಿಂತಿರುತ್ತದೆ, ಕೆಳಗಡೆ ಹರಿಯುತ್ತದೆ, ಎರಡರ ಮಟ್ಟವನ್ನೂ ಹಲಗೆಯ ಸಂದು ನಿರ್ಧರಿಸುತ್ತದೆ. ಆದರೆ ಹೋಲಿಕೆಯನ್ನು ಇಲ್ಲಿಗೇ ನಿಲ್ಲಿಸುವುದು ಒಳ್ಳೆಯದು. ಹಲಗೆಯ ಸಂದು ಮುಚ್ಚಿಕೊಂಡರೆ ಬಾಂದಾರದ ಹಿಂದೆ ನೀರು ಏರಲೇಬೇಕು, ಯಂತ್ರದಲ್ಲಿ ಹಾಗಲ್ಲ. ವಾಲ್ವು ಕಟ್ಟಿಕೊಂಡಾಗ ಕೆಳಗಿನ ಒತ್ತಡ ಇಳಿಯುವುದೇನೋ ನಿಜ, ಆದರೆ ಮೇಲಿನ ಒತ್ತಡ ಏರುವುದಿಲ್ಲ, ಎಷ್ಟೋ ಸಲ ತುಸು ಇಳಿಯುತ್ತದೆ ಕೂಡ. ಏಕೆಂದರೆ ಕಂಪ್ರೆಸರಿಗೆ ಹೀರಲು ಆವಿಯೇ ಕಡಿಮೆಯಾಗಿ, ಕಂಡೆನ್ಸರಿಗೆ ಬರುವ ಶಾಖವೂ ಕಡಿಮೆಯಾಗುತ್ತದೆ, ಹೆಚ್ಚುವರಿ ದ್ರವವು ಕಂಡೆನ್ಸರಿನ ಮುಂದೆ ದ್ರವವನ್ನು ಕೂಡಿಟ್ಟುಕೊಳ್ಳುವ ರಿಸೀವರೆಂಬ ತೊಟ್ಟಿಯಲ್ಲಿ ಸುಮ್ಮನೆ ನಿಂತುಕೊಳ್ಳುತ್ತದೆ. ಕಟ್ಟಿಕೊಂಡರೆ ಹೆಡ್ ಪ್ರೆಶರು ಏರಲೇಬೇಕೆಂದು ಸಹಜಬುದ್ಧಿಯಿಂದ ತರ್ಕಿಸಿ ದಾರಿತಪ್ಪಿದವರು ಈ ಕಸುಬಿನಲ್ಲಿ ಬಹುಮಂದಿ.

ಹೀಗಿರಲು, ಸಕ್ಷನ್ ಇಳಿದಿದೆ ಎಂಬ ಒಂದೇ ಸಂಗತಿಯಿಂದ ಏನನ್ನು ತಿಳಿಯಬಹುದು? ಕಾಯಿಲಿನಲ್ಲಿ ಕುದಿಯುತ್ತಿರುವ ಶೀತಕದ ಉಷ್ಣತೆ ಇಳಿದಿದೆ ಎಂಬುದಿಷ್ಟೇ. ಹಾಗೆ ಇಳಿಯಲು ಕಾರಣ ಎರಡು ಬಗೆಯದಾಗಿರಬಹುದು: ಒಂದೋ ಕಾಯಿಲಿಗೆ ಬೇಕಾದಷ್ಟು ದ್ರವ ಬರುತ್ತಿಲ್ಲ; ಇಲ್ಲವೇ ದ್ರವ ಬರುತ್ತಿದೆ, ಅದನ್ನು ಕುದಿಸಲು ಬೇಕಾದಷ್ಟು ಶಾಖ ಬರುತ್ತಿಲ್ಲ. ಮೊದಲನೆಯದರಲ್ಲಿ ಮತ್ತೆರಡು ಕವಲು: ಗ್ಯಾಸು ನಿಜವಾಗಿಯೂ ಸೋರಿ ಕಡಿಮೆಯಾಗಿರಬಹುದು, ಅಥವಾ ಬೇಕಾದಷ್ಟಿದ್ದೂ ನಡುದಾರಿಯಲ್ಲಿ ತಡೆಯುಂಟಾಗಿರಬಹುದು. ಇವುಗಳನ್ನು ಬೇರ್ಪಡಿಸಲು ಗೇಜಿನಷ್ಟೇ ಅವಶ್ಯವಾದ, ಗೇಜಿಗಿಂತ ಅಗ್ಗವಾದ, ಆದರೆ ಮೆಕ್ಯಾನಿಕರ ಚೀಲದಲ್ಲಿ ವಿರಳವಾಗಿ ಕಾಣುವ ಸಾಧನವೊಂದಿದೆ: ಥರ್ಮಾಮೀಟರು.

ಕಾಯಿಲಿನಿಂದ ಹೊರಬರುವ ಸಕ್ಷನ್ ಪೈಪಿನ ಮೈಯುಷ್ಣತೆಯನ್ನು ಅಳೆದು, ಆ ಹೊತ್ತಿನ ಒತ್ತಡಕ್ಕೆ ಚಾರ್ಟು ಹೇಳುವ ಕುದಿಯುವ ಉಷ್ಣತೆಯನ್ನು ಅದರಿಂದ ಕಳೆದರೆ ಉಳಿಯುವ ಅಂತರವನ್ನು ಸೂಪರ್‌ಹೀಟ್ ಎನ್ನುತ್ತಾರೆ. ವಾಲ್ವು ಸರಿಯಾಗಿ ದ್ರವವನ್ನು ಉಣಿಸುತ್ತಿರುವ ಸಾಮಾನ್ಯ ಯಂತ್ರದಲ್ಲಿ ಇದು ಐದಾರು ಡಿಗ್ರಿಯ ಸುಮಾರಿಗಿರುತ್ತದೆ. ಇಪ್ಪತ್ತಕ್ಕೆ ಏರಿದರೆ ದ್ರವವು ಕಾಯಿಲಿನ ಅರ್ಧದಾರಿಯಲ್ಲಿಯೇ ಕುದಿದು ಮುಗಿದು, ಉಳಿದ ಅರ್ಧದಲ್ಲಿ ಬರಿಯ ಆವಿ ಬಿಸಿಯಾಗುತ್ತ ಬರುತ್ತಿದೆ, ಕಾಯಿಲು ಹಸಿದಿದೆ ಎಂದು ಅರ್ಥ. ಸೊನ್ನೆಗೆ ಇಳಿದರೆ ಕುದಿಯದೆ ಉಳಿದ ದ್ರವವೇ ಕಂಪ್ರೆಸರಿನತ್ತ ಹರಿದುಬರುತ್ತಿದೆ, ಶಾಖ ಸಾಲುತ್ತಿಲ್ಲ ಎಂದು ಅರ್ಥ. ಅಂತೆಯೇ ಕಂಡೆನ್ಸರಿನಿಂದ ಹೊರಡುವ ದ್ರವದ ಪೈಪು, ಹೆಡ್ ಪ್ರೆಶರಿಗೆ ಸಲ್ಲುವ ಉಷ್ಣತೆಗಿಂತ ಎಷ್ಟು ಡಿಗ್ರಿ ತಂಪಾಗಿದೆ ಎಂಬ ಅಂತರ ಸಬ್‌ಕೂಲಿಂಗ್. ರಿಸೀವರಿಲ್ಲದ ಸಣ್ಣ ಯಂತ್ರಗಳಲ್ಲಿ ಇದು ಹೆಚ್ಚಿದ್ದರೆ ಕಂಡೆನ್ಸರಿನಲ್ಲಿ ದ್ರವ ತುಂಬಿ ನಿಂತಿದೆ. ಇಲ್ಲವೇ ಇಲ್ಲವೆಂಬಂತಿದ್ದರೆ ದ್ರವಕ್ಕೇ ಬರ. ನಾಲ್ಕು ಸಂಖ್ಯೆಗಳು, ಎರಡು ಒತ್ತಡ ಎರಡು ಅಂತರ, ಕೈಯಲ್ಲಿದ್ದರೆ ಬಹುಮಟ್ಟಿನ ಕಗ್ಗಂಟು ಸಡಿಲವಾಗುತ್ತದೆ. ಅಮೋನಿಯಾದ ದೊಡ್ಡ ಸ್ಥಾವರಗಳಲ್ಲಿ ಕಾಯಿಲನ್ನು ದ್ರವದಿಂದ ತುಂಬಿಸಿಯೇ ಇಡುವ ಪದ್ಧತಿಯಿರುವುದರಿಂದ ಅಲ್ಲಿ ಸೂಪರ್‌ಹೀಟಿಗಿಂತ ರಿಸೀವರಿನ ಲೆವೆಲ್ ಗ್ಲಾಸು ಹೆಚ್ಚು ನಂಬಿಕೆಗೆ ಅರ್ಹವಾದದ್ದು.

ಎರಡೂ ಒತ್ತಡಗಳು ಇಳಿದು, ಸೂಪರ್‌ಹೀಟ್ ಏರಿ, ಸಬ್‌ಕೂಲಿಂಗ್ ಮಾಯವಾಗಿ, ದ್ರವದ ಪೈಪಿನಲ್ಲಿ ಒಳಗನ್ನು ನೋಡಲೆಂದು ಕೂರಿಸಿದ ಸೈಟ್ ಗ್ಲಾಸಿನಲ್ಲಿ ಗುಳ್ಳೆಗಳು ಹಾಯುತ್ತಿದ್ದರೆ ಮಾತ್ರ "ಗ್ಯಾಸ್ ಕಮ್ಮಿ" ಎಂಬ ತೀರ್ಪಿಗೆ ಆಧಾರವಿದೆ. ಆಗಲೂ ತುಂಬುವುದು ಮೊದಲ ಕೆಲಸವಲ್ಲ. ಶೀತಕವು ಇಂಧನವಲ್ಲ, ಅದು ಉರಿದು ಮುಗಿಯುವುದಿಲ್ಲ, ಸವೆಯುವುದೂ ಇಲ್ಲ, ಮುಚ್ಚಿದ ಕೊಳವೆಯಲ್ಲಿ ವರ್ಷಗಟ್ಟಲೆ ಅದೇ ಶೀತಕವು ಸುತ್ತುತ್ತಿರಬಹುದು. ಕಡಿಮೆಯಾಗಿದ್ದರೆ ಎಲ್ಲಿಯೋ ಸೋರಿಕೆಯಿದೆ ಎಂದೇ ಅರ್ಥ. ವರ್ಷಕ್ಕೊಮ್ಮೆ ಗ್ಯಾಸು ತುಂಬಿಸುವುದನ್ನು ಹಬ್ಬದ ಸುಣ್ಣ ಬಳಿಸುವಂತೆ ರೂಢಿಮಾಡಿಕೊಂಡವರು ತೂತನ್ನು ಪೋಷಿಸುತ್ತಿದ್ದಾರೆ. ಅಮೋನಿಯಾ ಸೋರಿದರೆ ಮೂಗೇ ಹೇಳುತ್ತದೆ, ನಿಖರವಾದ ಜಾಗವನ್ನು ಹೊತ್ತಿಸಿದ ಗಂಧಕದ ಬತ್ತಿ ತೋರಿಸುತ್ತದೆ, ಸೋರಿಕೆಯ ಬಳಿ ಅದರ ಹೊಗೆ ದಟ್ಟವಾದ ಬಿಳಿಯಾಗುತ್ತದೆ. ವಾಸನೆಯಿಲ್ಲದ ಫ್ರಿಯಾನ್ ಜಾತಿಯ ಗ್ಯಾಸುಗಳಿಗೆ ಸಾಬೂನಿನ ನೊರೆ, ಇಲ್ಲವೇ ಪೈಪಿನ ಬೆಸುಗೆಯ ಬಳಿ ಕಾಣುವ ಎಣ್ಣೆಯ ಜಿಡ್ಡು. ಒತ್ತಡ ಹಾಕಿ ಪರೀಕ್ಷಿಸುವಾಗ ಒಣ ನೈಟ್ರೋಜನ್ನನ್ನು ಮಾತ್ರ ಬಳಸತಕ್ಕದ್ದು. ವೆಲ್ಡಿಂಗಿನ ಆಕ್ಸಿಜನ್ ಸಿಲಿಂಡರು ಕೈಗೆ ಹತ್ತಿರವಿದೆಯೆಂದು ಅದನ್ನು ಜೋಡಿಸಿದರೆ, ಒಳಗಿನ ಕಂಪ್ರೆಸರ್ ಎಣ್ಣೆಯೊಡನೆ ಕೂಡಿ ಸ್ಫೋಟಿಸಿ ಜೀವ ತೆಗೆದೀತು.

ಸಕ್ಷನ್ ಇಳಿದು, ಸೂಪರ್‌ಹೀಟ್ ಏರಿ, ಆದರೆ ಕಂಡೆನ್ಸರಿನ ಕಡೆ ದ್ರವಕ್ಕೆ ಕೊರತೆಯಿಲ್ಲದಿದ್ದರೆ, ತಡೆ ಎಲ್ಲಿದೆಯೆಂದು ಪೈಪನ್ನು ಕೈಯಿಂದ ಸವರುತ್ತ ಹೋಗಬೇಕು. ದ್ರವದ ದಾರಿಯಲ್ಲಿರುವ, ತೇವ ಹೀರುವ ಡ್ರೈಯರಿನ ಈ ತುದಿ ಬೆಚ್ಚಗಿದ್ದು ಆ ತುದಿ ತಂಪಾಗಿ ಬೆವರಿದ್ದರೆ ಒಳಗಿನ ಜಾಲರಿ ಕಟ್ಟಿಕೊಂಡಿದೆ. ಇದಕ್ಕಿಂತ ಕಪಟವಾದ ತಡೆ ನೀರಿನದು. ರಿಪೇರಿಯ ಕಾಲದಲ್ಲಿ ಫ್ರಿಯಾನ್ ಯಂತ್ರದೊಳಕ್ಕೆ ಹೊಕ್ಕ ಒಂದೆರಡು ಹನಿ ತೇವಾಂಶವು ವಾಲ್ವಿನ ಕಂಡಿಯಲ್ಲಿ ಹಿಮವಾಗಿ ಹೆಪ್ಪುಗಟ್ಟುತ್ತದೆ. ಸಕ್ಷನ್ ಗೇಜು ನಿರ್ವಾತದವರೆಗೂ ಜಾರುತ್ತದೆ. ಯಂತ್ರ ನಿಂತು ಸ್ವಲ್ಪ ಹೊತ್ತಿಗೆ ಹಿಮ ಕರಗಿ, ಮೆಕ್ಯಾನಿಕ್ ಬರುವ ವೇಳೆಗೆ ಎಲ್ಲವೂ ಸರಿಯಾಗಿರುತ್ತದೆ. ಅವನು ಹೋದ ಮೇಲೆ ಮತ್ತೆ ಅದೇ ಕಥೆ. ಬಿಟ್ಟು ಬಿಟ್ಟು ಬರುವ ಈ ತೊಂದರೆಗೆ ವಾಲ್ವಿನ ಮೇಲೆ ಬಿಸಿನೀರಿನ ಬಟ್ಟೆ ಹಾಕಿ ನೋಡುವುದೇ ಹಳಬರ ಪರೀಕ್ಷೆ: ಮುಳ್ಳು ತಟ್ಟನೆ ಮೇಲೆದ್ದರೆ ಅಪರಾಧಿ ನೀರು.

ಮೂರನೆಯ ಕಾರಣವೇ, ಎಂದರೆ ಕಾಯಿಲಿಗೆ ಶಾಖ ಸಾಲದಿರುವುದೇ, ಬ್ಯಾಡಗಿಯಂತಹ ಕಡೆ ನಾವು ಹೆಚ್ಚಾಗಿ ಶಂಕಿಸಬೇಕಾದದ್ದು. ಒಂದು ಸನ್ನಿವೇಶವನ್ನು ಕಲ್ಪಿಸಿಕೊಳ್ಳೋಣ. ಮಾರ್ಚಿ ತಿಂಗಳು, ಅಮೋನಿಯಾ ಸ್ಥಾವರ, ಮೆಣಸಿನಕಾಯಿಯ ಕೋಣೆ 6 ಡಿಗ್ರಿಯಲ್ಲಿ ಇರಬೇಕಾದದ್ದು 10ರಿಂದ ಕೆಳಗಿಳಿಯುತ್ತಿಲ್ಲ. ಸಕ್ಷನ್ ಎಂದಿನ 37 ಪೌಂಡಿನಿಂದ 27ಕ್ಕೆ ಇಳಿದಿದೆ, ಎಂದರೆ ಕಾಯಿಲಿನೊಳಗೆ ಕುದಿಯುವ ಉಷ್ಣತೆ ಸೊನ್ನೆಗಿಂತ 5 ಡಿಗ್ರಿ ಕೆಳಗಿದ್ದದ್ದು 10 ಡಿಗ್ರಿ ಕೆಳಗಾಗಿದೆ. ಹೆಡ್ ಪ್ರೆಶರು 178. "ಗ್ಯಾಸ್ ಕಮ್ಮಿ" ಎಂಬ ಮಾತು ಬಂದಾಯಿತು. ಆದರೆ ರಿಸೀವರಿನ ಗ್ಲಾಸನ್ನು ನೋಡಿದರೆ ದ್ರವದ ಮಟ್ಟ ಎಂದಿನಂತೆಯೇ ಇದೆ. ಸಕ್ಷನ್ ಪೈಪಿನ ಮೈಮೇಲೆ ಕಂಪ್ರೆಸರಿನವರೆಗೂ ಹಿಮ ಕಟ್ಟಿದೆ. ಕಾಯಿಲು ಹಸಿದಿಲ್ಲ, ಉಂಡದ್ದನ್ನು ಅರಗಿಸಿಕೊಳ್ಳಲಾರದೆ ಇದೆ. ಈಗ ಕೋಣೆಯ ಬಾಗಿಲು ತೆರೆದು ನೋಡಬೇಕು. ಸಂತೆಯ ದಿನ ಬೆಳಗಿನಿಂದ ಸಂಜೆಯವರೆಗೆ ಬಾಗಿಲು ತೆರೆದಿಟ್ಟು ಹಮಾಲರು ಚೀಲ ಸಾಗಿಸಿದ್ದಾರೆ. ಹೊರಗಿನ ತೇವದ ಗಾಳಿಯೂ, ಸರಿಯಾಗಿ ಒಣಗದೆ ನೂರಕ್ಕೆ ಹತ್ತು ಹನ್ನೊಂದರ ಮಿತಿಯನ್ನು ಮೀರಿದ ತೇವವುಳಿಸಿಕೊಂಡ ಕಾಯಿಯೂ ಒಳಹೊಕ್ಕಿವೆ. ಆ ತೇವವೆಲ್ಲ ಕಾಯಿಲಿನ ರೆಕ್ಕೆಗಳ ನಡುವೆ ಹಿಮದ ಹಲಗೆಯಾಗಿ ಕುಳಿತಿದೆ. ಅದು ಸಾಲದೆಂಬಂತೆ ಚೀಲಗಳನ್ನು ಫ್ಯಾನಿನ ಬಾಯಿಗೇ ಒತ್ತಿ ಅಟ್ಟಿಹಾಕಿದ್ದಾರೆ. ಗಾಳಿಯಾಡದೆ ಶಾಖ ಬರದು, ಶಾಖ ಬರದೆ ದ್ರವ ಕುದಿಯದು, ಕುದಿಯದೆ ಒತ್ತಡ ಏರದು. ಇಲ್ಲಿ ಬೇಕಾದದ್ದು ಹಿಮವನ್ನು ಕರಗಿಸುವುದು, ಚೀಲಗಳ ಸಾಲನ್ನು ಹಿಂದಕ್ಕೆ ಸರಿಸುವುದು. "ಗ್ಯಾಸ್ ಕಮ್ಮಿ" ಎಂಬ ಮಾತನ್ನು ನಂಬಿ ಗ್ಯಾಸನ್ನೇ ತುಂಬಿದ್ದರೆ, ಇಂದು ಏನೂ ಬದಲಾಗುತ್ತಿರಲಿಲ್ಲ. ಹಿಮ ಕರಗಿದ ಬಳಿಕ, ಏಪ್ರಿಲ್ಲಿನ ಬಿಸಿಲಿನಲ್ಲಿ ಹೆಚ್ಚುವರಿ ದ್ರವ ಕಂಡೆನ್ಸರನ್ನು ಅಡರಿ ಹೆಡ್ ಪ್ರೆಶರು ಏರಿ ಎಚ್.ಪಿ. ಕಟ್ಔಟು ಯಂತ್ರವನ್ನು ನಿಲ್ಲಿಸಿದಾಗ, ಅದಕ್ಕೆ ಇನ್ನೊಂದು ತಪ್ಪು ಹೆಸರು ಕೊಟ್ಟು ಇನ್ನೊಂದು ರಿಪೇರಿ ನಡೆಯುತ್ತಿತ್ತು.

ಹೆಡ್ ಪ್ರೆಶರು ಏರುವುದರ ಕಾರಣಗಳು ಇಷ್ಟು ಸೂಕ್ಷ್ಮವಲ್ಲ. ಕಂಡೆನ್ಸರಿನಿಂದ ಶಾಖ ಹೊರಗೆ ಹೋಗುತ್ತಿಲ್ಲ ಎಂಬುದೇ ಮೂಲ. ಗಾಳಿಯಿಂದ ತಣಿಯುವ ಕಂಡೆನ್ಸರಿನ ರೆಕ್ಕೆಗಳ ನಡುವೆ ಮೆಣಸಿನಕಾಯಿಯ ಸಿಪ್ಪೆ, ಗೋಣಿಯ ನಾರು, ರಸ್ತೆಯ ಧೂಳು ಸೇರಿ ಕಂಬಳಿಯಂತೆ ಹೊದ್ದುಕೊಂಡಿರಬಹುದು. ನೀರಿನಿಂದ ತಣಿಯುವ ಕಡೆ ಕೊಳವೆಬಾವಿಯ ಗಡಸು ನೀರು ಕೊಳವೆಗಳೊಳಗೆ ಸುಣ್ಣದ ಪದರವನ್ನು ಕಟ್ಟಿರಬಹುದು. ಹೆಡ್ಡಿನ ಕಡೆ ಒಂದು ಡಿಗ್ರಿ ಏರಿದರೆ ಕಂಪ್ರೆಸರು ಎಳೆಯುವ ವಿದ್ಯುತ್ತು ನೂರಕ್ಕೆ ಎರಡು ಮೂರರಷ್ಟು ಏರುವುದೆಂಬ ಸ್ಥೂಲ ಲೆಕ್ಕವನ್ನು ಇಟ್ಟುಕೊಂಡರೆ, ತೊಳೆಯದ ಕಂಡೆನ್ಸರು ಹೆಸ್ಕಾಂ ಬಿಲ್ಲಿನ ಮೇಲೆ ಬರೆಯುವ ಬರೆಹವನ್ನು ಮಾಲೀಕರು ತಾವೇ ಓದಿಕೊಳ್ಳಬಹುದು.

ಆದರೆ ತೊಳೆದರೂ ಇಳಿಯದ ಹೆಡ್ ಪ್ರೆಶರು ಒಂದಿದೆ, ಅದು ಒಳಗೆ ಸೇರಿಕೊಂಡ ಗಾಳಿಯದು. ಗಾಳಿ ಈ ಒತ್ತಡದಲ್ಲಿ ದ್ರವವಾಗುವುದಿಲ್ಲ. ಕಂಡೆನ್ಸರಿನ ತಲೆಯಲ್ಲಿ ಕುಳಿತು ಜಾಗವನ್ನು ಆಕ್ರಮಿಸಿ, ತನ್ನ ಒತ್ತಡವನ್ನು ಅಮೋನಿಯಾದ ಒತ್ತಡಕ್ಕೆ ಕೂಡಿಸುತ್ತದೆ. ಇದನ್ನು ಪತ್ತೆಮಾಡುವ ವಿಧಾನ ನನಗೆ ಈ ಶಾಸ್ತ್ರದಲ್ಲಿಯೇ ಅತ್ಯಂತ ಸುಂದರವಾಗಿ ಕಂಡದ್ದು. ಕಂಪ್ರೆಸರನ್ನು ನಿಲ್ಲಿಸಿ ನೀರನ್ನು ಮಾತ್ರ ಹರಿಯಬಿಡುವುದು; ಒಳಹೋಗುವ ನೀರಿನ ಉಷ್ಣತೆಯೂ ಹೊರಬರುವ ನೀರಿನ ಉಷ್ಣತೆಯೂ ಒಂದಾಗುವವರೆಗೆ ಕಾಯುವುದು; ಆಗ ಒಳಗಿನ ಅಮೋನಿಯಾವೂ ಅದೇ ಉಷ್ಣತೆಗೆ ಬಂದಿರಲೇಬೇಕು. ನೀರು 30 ಡಿಗ್ರಿಯಿದ್ದರೆ ಗೇಜು 155 ತೋರಿಸಬೇಕು. 175 ತೋರಿಸಿದರೆ ಆ ಮೇಲಿನ 20 ಪೌಂಡು ಗಾಳಿಯದು. ಅದನ್ನು ಹೊರಬಿಡುವಾಗ ಕೊಳವೆಯ ತುದಿಯನ್ನು ನೀರು ತುಂಬಿದ ಬಕೀಟಿನಲ್ಲಿ ಮುಳುಗಿಸುತ್ತಾರೆ: ಅಮೋನಿಯಾ ಚಟಚಟ ಸದ್ದಿನೊಡನೆ ನೀರಿನಲ್ಲಿಯೇ ಕರಗಿಹೋಗುತ್ತದೆ, ಗುಳ್ಳೆಯಾಗಿ ಮೇಲೆ ಬರುವುದು ಗಾಳಿ. ಗುಳ್ಳೆ ನಿಂತು ಸದ್ದು ಮಾತ್ರ ಉಳಿದಾಗ ವಾಲ್ವನ್ನು ಮುಚ್ಚಬೇಕು.

ಸಕ್ಷನ್ ಏರಿ, ಹೆಡ್ ಇಳಿದು, ಎರಡು ಮುಳ್ಳುಗಳೂ ಒಂದರತ್ತ ಒಂದು ವಾಲುತ್ತಿದ್ದರೆ ದೋಷ ಕಂಪ್ರೆಸರಿನದೇ. ಅದರ ವಾಲ್ವ್ ಪ್ಲೇಟುಗಳು ಮುರಿದು, ಅದುಮಿದ ಆವಿ ಹಿಂದಕ್ಕೇ ಸೋರುತ್ತಿದೆ. ದ್ರವದ ದಾರಿಯನ್ನು ಮುಚ್ಚಿ ಯಂತ್ರವನ್ನು ನಡೆಸಿದಾಗ ಸಕ್ಷನ್ ಕೆಳಗಿಳಿಯಲು ಒಲ್ಲದಿದ್ದರೆ ಸಂದೇಹಕ್ಕೆ ಎಡೆಯಿಲ್ಲ.

ಇದುವರೆಗೆ ಹೇಳಿದ್ದು ತಂಪಿನ ಯಂತ್ರದ ಮಾತು. ಆದರೆ ಒಂದೆಡೆಯ ಶಾಖವನ್ನು ಇನ್ನೊಂದೆಡೆಗೆ ಸಾಗಿಸುವ ಈ ಯಂತ್ರವನ್ನು ಮನೆಯನ್ನು ಬೆಚ್ಚಗಿಡಲಿಕ್ಕೂ ಬಳಸಬಹುದೆಂದು 1852ರಷ್ಟು ಹಿಂದೆಯೇ, ಮುಂದೆ ಲಾರ್ಡ್ ಕೆಲ್ವಿನ್ ಎಂದು ಪ್ರಖ್ಯಾತನಾದ ವಿಲಿಯಂ ಥಾಮ್ಸನ್ ಸೂಚಿಸಿದ್ದನು. ಅದೇ ಇಂದಿನ ಹೀಟ್ ಪಂಪು. ನಮ್ಮ ಕಡೆ ಹೋಟೆಲು ಹಾಸ್ಟೆಲುಗಳ ಬಿಸಿನೀರಿಗೂ, ಚಳಿ ಬಿಸಿಲೆರಡಕ್ಕೂ ಒದಗುವ ಎ.ಸಿ.ಗಳಲ್ಲಿಯೂ ಕಾಣಸಿಗುವ ಇದು, ಕೆನಡಾ ಜರ್ಮನಿಗಳಲ್ಲಿ ನೆಲೆಸಿದ ನಮ್ಮವರಿಗೆ ಚಳಿಗಾಲದ ಮನೆಯ ಸಂಗಾತಿ. ಇದರಲ್ಲಿ ರಿವರ್ಸಿಂಗ್ ವಾಲ್ವೊಂದು ಆವಿಯ ದಿಕ್ಕನ್ನು ಬದಲಿಸಿ, ಕೋಣೆಯೊಳಗಿನ ಕಾಯಿಲನ್ನು ಕಂಡೆನ್ಸರನ್ನಾಗಿಯೂ ಹೊರಗಿನದನ್ನು ಕುದಿಯುವ ಕಾಯಿಲನ್ನಾಗಿಯೂ ಮಾಡುತ್ತದೆ. ಅದರ ಫಲವಾಗಿ ಒಂದೇ ದೋಷ ಎರಡು ಋತುಗಳಲ್ಲಿ ಎರಡು ವೇಷ ತೊಡುತ್ತದೆ. ಕೋಣೆಯ ಏರ್ ಫಿಲ್ಟರು ಧೂಳಿನಿಂದ ಮುಚ್ಚಿದೆಯೆನ್ನಿ: ಬೇಸಗೆಯಲ್ಲಿ ತಂಪಿಗೆ ಓಡಿಸುವಾಗ ಸಕ್ಷನ್ ಇಳಿಯುತ್ತದೆ, ಚಳಿಗಾಲದಲ್ಲಿ ಬಿಸಿಗೆ ಓಡಿಸುವಾಗ ಅದೇ ಧೂಳಿನಿಂದ ಹೆಡ್ ಪ್ರೆಶರು ಏರುತ್ತದೆ. ಯಂತ್ರ ಯಾವ ದಿಕ್ಕಿನಲ್ಲಿ ಓಡುತ್ತಿದೆಯೆಂದು ಕೇಳದೆ ಮುಳ್ಳನ್ನು ಓದಿದವನು ಮೊದಲನೆಯದಕ್ಕೆ ಗ್ಯಾಸು ತುಂಬುತ್ತಾನೆ, ಎರಡನೆಯದಕ್ಕೆ ಗ್ಯಾಸು ತೆಗೆಯುತ್ತಾನೆ, ಧೂಳು ಮಾತ್ರ ಅಲ್ಲಿಯೇ ಇರುತ್ತದೆ. ಇನ್ನು ಆ ರಿವರ್ಸಿಂಗ್ ವಾಲ್ವೇ ನಡುದಾರಿಯಲ್ಲಿ ಸಿಕ್ಕಿಕೊಂಡರೆ ಸಕ್ಷನ್ ಏರಿ ಹೆಡ್ ಇಳಿದು, ಮುರಿದ ಕಂಪ್ರೆಸರಿನ ಹಾಗೆಯೇ ಕಾಣುತ್ತದೆ. ಬೆಲೆಬಾಳುವ ಕಂಪ್ರೆಸರನ್ನು ಬದಲಿಸಿದ ಮೇಲೂ ತೊಂದರೆ ಹಾಗೆಯೇ ಉಳಿದು ಬೆಪ್ಪಾಗುವ ಮುನ್ನ, ವಾಲ್ವಿನೊಳಕ್ಕೆ ಹೋಗುವ ಸಕ್ಷನ್ ಪೈಪಿಗೂ ಹೊರಬರುವ ಪೈಪಿಗೂ ಉಷ್ಣತೆಯಲ್ಲಿ ಎದ್ದುಕಾಣುವ ಅಂತರವಿದೆಯೇ ಎಂದು ಮುಟ್ಟಿ ನೋಡಬೇಕು. ಇದ್ದರೆ ಬಿಸಿ ಆವಿ ಅಲ್ಲಿಯೇ ಒಳಗೊಳಗೆ ನುಸುಳುತ್ತಿದೆ.

ಗ್ಯಾಸಿನ ಹೆಸರನ್ನು ಓದದೆ ಚಾರ್ಟನ್ನು ತೆರೆಯುವುದೂ ಅನರ್ಥವೇ. 45 ಡಿಗ್ರಿಯಲ್ಲಿ ಆರ್-22ರ ಒತ್ತಡ ಸುಮಾರು 236 ಪೌಂಡು, ಆರ್-410ಎಯದು ಸುಮಾರು 380. ಒಂದಕ್ಕೆ ಸಹಜವಾದದ್ದು ಇನ್ನೊಂದಕ್ಕೆ ಅಪಾಯದ ಗಂಟೆ. ಓಝೋನ್ ಪದರದ ರಕ್ಷಣೆಗಾಗಿ 1987ರಲ್ಲಿ ಆದ ಮಾಂಟ್ರಿಯಲ್ ಒಪ್ಪಂದದ ಫಲವಾಗಿ ಆರ್-22 ಹಿಂದೆ ಸರಿಯುತ್ತಿದ್ದು, ಅದರ ಸ್ಥಾನಕ್ಕೆ ಬಂದ ಆರ್-407ಸಿಯಂತಹ ಮಿಶ್ರಣಗಳು ಒಂದೇ ಉಷ್ಣತೆಯಲ್ಲಿ ಕುದಿಯದೆ ಕೆಲವು ಡಿಗ್ರಿಗಳ ಉದ್ದಕ್ಕೂ ಕುದಿಯುತ್ತವೆ. ಅವುಗಳ ಚಾರ್ಟಿನಲ್ಲಿ ಎರಡು ಕಾಲಂಗಳಿರುತ್ತವೆ, ಸೂಪರ್‌ಹೀಟಿಗೆ ಒಂದು, ಸಬ್‌ಕೂಲಿಂಗಿಗೆ ಇನ್ನೊಂದು. ಹಾವೇರಿಯ ಎತ್ತರದಿಂದಾಗಿ, ಸಮುದ್ರಮಟ್ಟಕ್ಕೆ ಹೊಂದಿಸಿ ಅಚ್ಚುಮಾಡಿದ ಚಾರ್ಟಿಗಿಂತ ಇಲ್ಲಿಯ ಗೇಜು ಹೆಚ್ಚುಕಡಿಮೆ ಒಂದು ಪೌಂಡು ಮೇಲೆ ತೋರಿಸುವುದನ್ನೂ ಗಮನದಲ್ಲಿಡಬಹುದು. ಅಮೋನಿಯಾ ಕೋಣೆಗೆ ಅದು ಅರ್ಧ ಡಿಗ್ರಿಯ ಮಾತಷ್ಟೆ. ಬಯಲಿನಲ್ಲಿ ಸೊನ್ನೆಗೇ ನಿಲ್ಲದ ಹಳೆಯ ಗೇಜು ಮಾಡುವ ಮೋಸ ಇದಕ್ಕಿಂತ ದೊಡ್ಡದು.

ಈ ಎಲ್ಲ ಪರೀಕ್ಷೆಗಳಿಗಿಂತ ಅಗ್ಗವಾದದ್ದು ಯಂತ್ರದ ಕೋಣೆಯ ಮೇಜಿನ ಮೇಲಿರುವ ಲಾಗ್ ಪುಸ್ತಕ. ಆಪರೇಟರನು ಗಂಟೆಗೊಮ್ಮೆ ಸಕ್ಷನ್, ಹೆಡ್, ಕೋಣೆಯ ಉಷ್ಣತೆ, ಮೋಟಾರಿನ ಆಂಪಿಯರು, ಹೊರಗಿನ ಹವೆ ಇವಿಷ್ಟನ್ನು ಪ್ರಾಮಾಣಿಕವಾಗಿ ಬರೆದಿದ್ದರೆ, ಹೊರಗಿನಿಂದ ಬಂದ ಮೆಕ್ಯಾನಿಕನು ಗೇಜನ್ನು ಜೋಡಿಸುವ ಮೊದಲೇ ಅರ್ಧ ಉತ್ತರ ಅವನ ಮುಂದಿರುತ್ತದೆ. ಹೆಡ್ ಪ್ರೆಶರು ಜನವರಿಯಿಂದ ವಾರಕ್ಕೆ ಒಂದೆರಡು ಪೌಂಡಿನಂತೆ ಏರುತ್ತ ಬಂದಿದ್ದರೆ ಅದು ಸುಣ್ಣದ ಪದರ. ಒಂದೇ ರಾತ್ರಿಯಲ್ಲಿ ಏರಿದ್ದರೆ ಕೂಲಿಂಗ್ ಟವರಿನ ಪಂಪು ಇಲ್ಲವೇ ಫ್ಯಾನು. ಮಧ್ಯಾಹ್ನ ಏರಿ ರಾತ್ರಿ ಇಳಿಯುತ್ತಿದ್ದರೆ ಬರಿಯ ಬಿಸಿಲು. ಕಂಪ್ರೆಸರನ್ನು ಬಿಚ್ಚಿ ಕಟ್ಟಿದ ಮರುದಿನದಿಂದಲೇ ಏರಿದ್ದರೆ ಆಗ ಒಳಹೊಕ್ಕ ಗಾಳಿ. ಸೋಮವಾರ ಗುರುವಾರಗಳ ಮಾರನೆಯ ದಿನ ಮಾತ್ರ ಸಕ್ಷನ್ ಇಳಿಯುತ್ತಿದ್ದರೆ ಬಾಗಿಲನ್ನೂ ಹಮಾಲರನ್ನೂ ವಿಚಾರಿಸಬೇಕೇ ಹೊರತು ಸಿಲಿಂಡರನ್ನಲ್ಲ. ಆದರೆ ಎಷ್ಟೋ ಕಡೆ ಈ ಪುಸ್ತಕವನ್ನು ಪಾಳಿಯ ಕೊನೆಯಲ್ಲಿ ಒಟ್ಟಿಗೆ ಕುಳಿತು ತುಂಬುತ್ತಾರೆ. ಎಂಟು ಗಂಟೆಗಳ ಎಂಟು ಸಾಲುಗಳಲ್ಲಿಯೂ 37, 181, 37, 181 ಎಂದು ಒಂದೇ ಮಸಿಯಲ್ಲಿ ಒಂದೇ ಓಟದಲ್ಲಿ ಬರೆದಿರುತ್ತದೆ, ಕರೆಂಟು ಹೋಗಿ ಯಂತ್ರ ನಿಂತಿದ್ದ ಗಂಟೆಯನ್ನೂ ಸೇರಿಸಿ.